ಬಿಜಲಿಯ ಆಪರೇಷನ್ನಿಗೆ ತಗುಲಿದ ಖರ್ಚು

ಸಾಕಿದ ಹೆಣ್ಣುನಾಯಿಗೆ ಮರಿಯಾಗದಂತೆ ಆಪರೇಷನ್ ಮಾಡಿಸಿ, ಹುಚ್ಚು ಹಿಡಿಯದಂತೆ ಸೂಜಿ ಹಾಕಿಸಲು ಎಷ್ಟು ಖರ್ಚಾಗುತ್ತದೆ ಎಂದು ಮೊನ್ನೆ ಪಕ್ಕದ ಮನೆಯ ಹೊಸ ಸೊಸೆ ಕೇಳಿದಳು. ಕೇಳಿದ್ದರಲ್ಲಿ ತಪ್ಪೇನಿಲ್ಲ. ಈಗ ಗುಲಬರ್ಗಾದಲ್ಲಿ ಇದಕ್ಕೆಂದೇ ಡಾಕ್ಟರರಿದ್ದಾರೆ, ಕೇಳಿದರೆ ರಸೀದಿಯನ್ನೂ ಕೊಡುತ್ತಾರಂತೆ. ಬಹಳ ವರ್ಷ ಮಕ್ಕಳಿಗೆ ಗಣಿತ ಹೇಳಿಕೊಟ್ಟವಳು ನಾನು. ಲೆಕ್ಕ ಕೇಳಿದರೆ ನಾಲಿಗೆ ತಡವರಿಸಬಾರದು. ಆದರೂ ತಡವರಿಸಿತು. ನನಗೆ ಒಂದು ಊರು ಖರ್ಚಾಯಿತಮ್ಮಾ ಎಂದು ಹೇಗೆ ಹೇಳಲಿ? ಅರ್ಧ ದಿನದ ಮಟ್ಟಿಗೇ ಇರಲಿ, ಊರು ಊರೇ ಅಲ್ಲವೆ?

ಎಪ್ಪತ್ತರ ದಶಕದ ನಡುವಿನ ಮಾತು. ನಾನು ನಿಂಬರ್ಗಾದ ಶಾಲೆಯಲ್ಲಿ ಟೀಚರು. ಯಜಮಾನರು ಜೇವರ್ಗಿಯಲ್ಲಿ ನೌಕರಿಯಲ್ಲಿದ್ದರು, ಸೂಟಿ ಸಿಕ್ಕಾಗ ಬರುತ್ತಿದ್ದರು. ಮನೆಯಲ್ಲಿ ನಾನು, ನನ್ನತ್ತೆ ಮತ್ತು ಬಿಜಲಿ ಎಂಬ ನಾಯಿ. ಊರಿಗೆ ಕರೆಂಟು ಬಂದ ವಾರದಲ್ಲೇ ಅದೂ ನಮ್ಮ ಅಂಗಳಕ್ಕೆ ಬಂದದ್ದರಿಂದ ಆ ಹೆಸರು. ಆಮೇಲೆ ಕರೆಂಟು ಹೋಗುತ್ತಿತ್ತು, ಬರುತ್ತಿತ್ತು. ಬಿಜಲಿ ಮಾತ್ರ ಎಲ್ಲಿಗೂ ಹೋಗಲಿಲ್ಲ. ಹೋಗದಿದ್ದುದಷ್ಟೇ ಅಲ್ಲ, ವರ್ಷಕ್ಕೆರಡು ಸಲ ನಮ್ಮ ಸೌದೆ ಕೋಣೆಯಲ್ಲಿ ಮರಿ ಹಾಕತೊಡಗಿತು. ಮೊದಲ ಸೂಲಿನ ಕುನ್ನಿಗಳನ್ನು ಊರವರು ಪ್ರೀತಿಯಿಂದ ಒಯ್ದರು. ಎರಡನೆಯದಕ್ಕೆ ನಾನು ಮನೆಮನೆ ತಿರುಗಬೇಕಾಯಿತು. ಮೂರನೆಯ ಸಲಕ್ಕೆ ನಾನು ಸೆರಗಿನಡಿ ಏನನ್ನಾದರೂ ಮುಚ್ಚಿಕೊಂಡು ಬರುವುದು ಕಂಡರೆ ಸಾಕು, ಜನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಮ್ಮೆ ನಿಜವಾಗಿಯೂ ಕುಂಬಳಕಾಯಿ ತಂದಿದ್ದೆ. ಅದಕ್ಕೂ ಬಾಗಿಲು ತೆರೆಯಲಿಲ್ಲ.

ಸಾಲದ್ದಕ್ಕೆ ಆ ಹಂಗಾಮಿನಲ್ಲಿ ಹಿರೋಳ್ಳಿ ಕಡೆಯಿಂದ ಒಂದು ಹುಚ್ಚುನಾಯಿಯ ಸುದ್ದಿ ಬಂತು. ಅದು ಎಮ್ಮೆಕರುವೊಂದಕ್ಕೆ ಕಚ್ಚಿ, ಕರು ಸತ್ತಿತ್ತು. ಕೂಲಿಯವನೊಬ್ಬನಿಗೂ ಕಚ್ಚಿತ್ತಂತೆ. ಅವನನ್ನು ದವಾಖಾನೆಗೆ ಒಯ್ದರೆ, ಹೊಟ್ಟೆಗೆ ಹಾಕುವ ಸೂಜಿಯನ್ನು ನೋಡಿಯೇ ಹಿಂದಿನ ಬಾಗಿಲಿನಿಂದ ಓಡಿಹೋದನಂತೆ. ಆಮೇಲೆ ಅವನು ಎಲ್ಲಿದ್ದಾನೆಂದು ಯಾರಿಗೂ ತಿಳಿಯಲಿಲ್ಲ. ನಾಯಿ ಕಚ್ಚಿದರೆ ಏಳು ಬಾವಿಗಳಲ್ಲಿ ಇಣುಕಿ ನೋಡಬೇಕು ಎಂಬುದು ನಮ್ಮ ಕಡೆಯ ಹಳೆಯ ಮದ್ದು. ಆ ದಿನಗಳಲ್ಲಿ ನೀರಿಗೆ ಹೋದ ಹೆಂಗಸರು ಬಾವಿಯಲ್ಲಿ ತಮ್ಮ ಮುಖದ ಪಕ್ಕ ಇನ್ನೊಂದು ಮುಖ ಕಂಡೀತೆಂದು ಹೆದರಿ, ಕಣ್ಣು ಮುಚ್ಚಿಕೊಂಡೇ ಹಗ್ಗ ಎಳೆಯುತ್ತಿದ್ದರು. ನಾನು ನಗುತ್ತಿದ್ದೆ. ನಗುತ್ತಲೇ ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ಆಳಂದದ ದನದ ದವಾಖಾನೆಗೆ ಹೊಸ ಡಾಕ್ಟರು ಬಂದಿದ್ದರು. ಮೈಸೂರು ಕಡೆಯವರು, ಸಣ್ಣ ವಯಸ್ಸು, ಮಾತು ಮೃದು. ಬಿಜಲಿಯ ವಿಷಯ ಹೇಳಿದಾಗ ಬಹಳ ಉತ್ಸಾಹಗೊಂಡರು. ಬಂದಾಗಿನಿಂದ ಎಮ್ಮೆಯ ಕೆಚ್ಚಲನ್ನೇ ನೋಡಿ ಬೇಸತ್ತಿದ್ದರೋ ಏನೋ. “ನಾನೇ ಬರ್ತೀನಿ ಮೇಡಂ, ಭಾನುವಾರ. ಲಸಿಕೆನೂ ಹಾಕಿ, ಆಪರೇಷನ್ನೂ ಮುಗಿಸಿಬಿಡೋಣ” ಎಂದರು. ಯಾವುದೋ ಕಚೇರಿಯ ಜೀಪನ್ನೂ ಕೇಳಿ ಗೊತ್ತು ಮಾಡಿಕೊಂಡರು.

ಇಲ್ಲಿ ನಮ್ಮ ಭಾಷೆಯ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಮುಂದಿನ ಅನರ್ಥಕ್ಕೆಲ್ಲ ಅದೇ ಮೂಲ. ಹೋರಿಗೆ ಮಾಡಿದರೆ ಬೀಜ ಒಡೆಸುವುದು ಎನ್ನುತ್ತೇವೆ. ಹೋತಕ್ಕೆ ಮಾಡಿದರೆ ಖಸ್ಸಿ. ಹೆಣ್ಣುನಾಯಿಗೆ ಮಾಡುವುದಕ್ಕೆ ನಮ್ಮಲ್ಲಿ ಶಬ್ದವೇ ಇರಲಿಲ್ಲ, ಯಾರೂ ಮಾಡಿರಲಿಲ್ಲವಲ್ಲ! ಇದ್ದುದು ಒಂದೇ ಶಬ್ದ, ಆಪರೇಷನ್. ತುರ್ತು ಪರಿಸ್ಥಿತಿಯ ಆ ಕಾಲದಲ್ಲಿ ಆ ಶಬ್ದಕ್ಕೆ ಹಳ್ಳಿಗಳಲ್ಲಿ ಒಂದೇ ಅರ್ಥವಿತ್ತು, ಜನರಿಗೆ ಮಕ್ಕಳಾಗದಂತೆ ಮಾಡುವುದು. ಜೀಪು ಬರುತ್ತದೆ, ಸಿಕ್ಕವರನ್ನು ಹತ್ತಿಸಿಕೊಳ್ಳುತ್ತದೆ, ಸಂಜೆಗೆ ಹೊಲಿಗೆ ಹಾಕಿ ಬಿಡುತ್ತದೆ ಎಂಬ ಸುದ್ದಿ ಗಾಳಿಗಿಂತ ಮೊದಲು ಊರೂರು ಸುತ್ತುತ್ತಿತ್ತು.

ನನ್ನತ್ತೆ ಮರ್ಯಾದಸ್ಥೆ. ದಿನಾ ಲಿಂಗಪೂಜೆಯಾಗದೆ ನೀರು ಮುಟ್ಟದವರು. ನಾಯಿಯ ಬಸಿರಿನ ವಿಷಯ ಅವರ ಬಾಯಲ್ಲಿ ಬರುವುದುಂಟೆ? ಶನಿವಾರ ಸಂಜೆ ಪಕ್ಕದ ಮನೆಯ ನೀಲಮ್ಮ ಗೋಡೆಯಾಚೆಯಿಂದ, “ನಾಳಿ ಟೀಚರಬಾಯಿ ಆಳಂದಕ ಹೊಂಟಾರಂತಲ್ರಿ ಅತ್ತಿ, ಯಾಕ್ರಿ?” ಎಂದು ಕೇಳಿದ್ದಾಳೆ. ಅತ್ತೆ ನಾಯಿಯನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದ್ದಾರೆ. “ಡಾಕ್ಟರ್‌ನ ಕರ್ಕೊಂಡ ಬರಾಕ ಬೇ. ಜೀಪಿನ್ಯಾಗ ಬರ್ತಾನಂತ. ಆಪರೇಷನ್ ಮಾಡಾಕ.”

ನೀಲಮ್ಮ ಹಿಟ್ಟಿನ ಕೈ ತೊಳೆಯದೆಯೇ ಎದ್ದುಹೋದಳು ಎಂದು ಅತ್ತೆ ಆಮೇಲೆ ಹೇಳಿದರು. ಹೇಳಬೇಕಾದಾಗ ಹೇಳಲಿಲ್ಲ.

ಭಾನುವಾರ ಬೆಳಗಿನ ಬಸ್ಸಿಗೆ ನಾನು ಆಳಂದಕ್ಕೆ ಹೋದೆ. ಬಿಜಲಿಯನ್ನು ಅಂಗಳದ ಬೇವಿನ ಗಿಡಕ್ಕೆ ಕಟ್ಟಿ, ನೋಡಿಕೊಳ್ಳಲು ಅತ್ತೆಗೆ ಹೇಳಿದ್ದೆ. ಲಸಿಕೆ ಕೆಡದಂತೆ ತಣ್ಣಗಿಡಬೇಕಿತ್ತು. ಐಸ್‌ಕ್ಯಾಂಡಿ ಅಂಗಡಿಯಲ್ಲಿ ಮಂಜುಗಡ್ಡೆ ಕೊಂಡು, ಚಹಾದ ಥರ್ಮಾಸಿನಲ್ಲಿ ತುಂಬಿ, ಅದರೊಳಗೆ ಸೀಸೆ ಇಟ್ಟುಕೊಂಡು, ಬಾಣಂತಿ ಕೂಸನ್ನು ಹಿಡಿದಂತೆ ಎದೆಗವಚಿಕೊಂಡು ಜೀಪಿನಲ್ಲಿ ಕುಳಿತೆ. ಡಾಕ್ಟರು ತಾವೇ ಜೀಪು ಓಡಿಸಿದರು. ದಾರಿಯ ಎರಡೂ ಕಡೆ ತೊಗರಿ ಆಳೆತ್ತರ ಬೆಳೆದು ನಿಂತಿತ್ತು. ಗಾಳಿಯೇ ಇಲ್ಲದ ಮಧ್ಯಾಹ್ನ. ಆದರೂ ನಾವು ಹಾದುಹೋಗುತ್ತಿದ್ದಂತೆ ಹೊಲದ ನಡುನಡುವೆ ಅಲ್ಲಲ್ಲಿ ಗಿಡಗಳು ಅಲುಗಾಡಿ ಸುಮ್ಮನಾಗುತ್ತಿದ್ದವು. “ಇಲ್ಲಿ ಕಾಡುಹಂದಿ ಜಾಸ್ತೀನಾ ಮೇಡಂ?” ಎಂದರು ಡಾಕ್ಟರು. ಇರಬಹುದು ಎಂದೆ.

ಊರ ಅಗಸಿ ಬಾಗಿಲೊಳಗೆ ಜೀಪು ನಿಂತಿತು. ಜೀಪು ಬಂದರೆ ಮಕ್ಕಳು ಮುತ್ತಬೇಕು. ಒಂದು ಮಗುವೂ ಇಲ್ಲ. ಕಟ್ಟೆಯ ಮೇಲೆ ಯಾವಾಗಲೂ ಇರುವ ಮುದುಕರಿಲ್ಲ. ಅವರ ಎಲೆ ಅಡಿಕೆಯ ಚೀಲಗಳು ಮಾತ್ರ ಅಲ್ಲೇ ಇದ್ದವು. ಕ್ಷೌರದ ಕಲ್ಲಿನ ಮುಂದೆ ಬಟ್ಟಲಲ್ಲಿ ಸೋಪಿನ ನೊರೆ ಇನ್ನೂ ಆರಿರಲಿಲ್ಲ. ಯಾರ ಅರ್ಧ ಗಡ್ಡ ಎಲ್ಲಿ ಓಡಿತ್ತೋ!

“ಏನ್ ಮೇಡಂ ಇದು, ಊರಲ್ಲಿ ಯಾರೂ ಇಲ್ವಲ್ಲ?” ಡಾಕ್ಟರ ದನಿ ತಾನಾಗಿ ತಗ್ಗಿತ್ತು. ಖಾಲಿ ಊರಿನಲ್ಲಿ ಗಟ್ಟಿಯಾಗಿ ಮಾತಾಡಲು ಯಾಕೋ ನಾಲಿಗೆ ಬರುವುದಿಲ್ಲ.

ನಡೆದೆವು. ಬಾಗಿಲುಗಳೆಲ್ಲ ತೆರೆದಿದ್ದವು. ಒಂದು ಮನೆಯೊಳಗಿಂದ ರೊಟ್ಟಿ ಸುಟ್ಟ ಹೊಗೆ ಬರುತ್ತಿತ್ತು. ನಾನು ಒಳಗೆ ಹೋಗಿ ಹಂಚಿನ ಮೇಲೆ ಕರಕಲಾಗಿದ್ದ ರೊಟ್ಟಿ ತೆಗೆದು, ಒಲೆಗೆ ನೀರು ಹಾಕಿ ಬಂದೆ. ಇನ್ನೊಂದು ಮನೆಯಲ್ಲಿ ರೇಡಿಯೊ, ತೊಗರಿಗೆ ಬರುವ ಕಾಯಿಕೊರಕ ಹುಳುವಿನ ಬಗ್ಗೆ ಗೋಡೆಗಳಿಗೆ ತಿಳಿವಳಿಕೆ ಹೇಳುತ್ತಿತ್ತು. ಹಿಟ್ಟಿನ ಗಿರಣಿ ತನ್ನಷ್ಟಕ್ಕೆ ಓಡುತ್ತಿತ್ತು. ಮೇಲೆ ಜೋಳ ಮುಗಿದು ಕಲ್ಲು ಕಲ್ಲನ್ನೇ ತಿನ್ನುವ ಆ ಸದ್ದು ಹಲ್ಲಿಗೆ ನಾಟುವಂತಿತ್ತು. ಗಾಣದಲ್ಲಿ ಎತ್ತು ಸುತ್ತುತ್ತಲೇ ಇತ್ತು. ಕಣ್ಣಿಗೆ ಬಟ್ಟೆ ಕಟ್ಟಿದ್ದರಿಂದ ಹೊಡೆಯುವವನು ಹೋದದ್ದು ಅದಕ್ಕೆ ಗೊತ್ತಿರಲಿಲ್ಲ. ಡಾಕ್ಟರು ಅದರ ಮೂಗುದಾರ ಹಿಡಿದು ನಿಲ್ಲಿಸಿದರು. ಅದು ನಿಂತಿತು. ಕೈ ಬಿಟ್ಟರು, ಮತ್ತೆ ಸುತ್ತತೊಡಗಿತು. ಎರಡನೆಯ ಸಲ ನಿಲ್ಲಿಸಲು ಅವರಿಗೆ ಮನಸ್ಸಾಗಲಿಲ್ಲ.

ಇವೆಲ್ಲಕ್ಕಿಂತ ನನ್ನ ಮೈ ಜುಮ್ಮೆನಿಸಿದ್ದು ನಾಯಿಗಳು. ಊರ ನಾಯಿಗಳೆಲ್ಲ ಇದ್ದವು, ತಂತಮ್ಮ ಮನೆಯ ಮುಂದೆ ಕುಳಿತಿದ್ದವು. ಹೊಸಬರನ್ನು ಕಂಡರೆ ಬೊಗಳಿ ಊರನ್ನೇ ಎಬ್ಬಿಸುವಂಥವು, ಒಂದೂ ಬೊಗಳಲಿಲ್ಲ. ನಮ್ಮನ್ನು ನೋಡುತ್ತಲೂ ಇರಲಿಲ್ಲ. ಎಲ್ಲವುಗಳ ಮುಖ ಓಣಿಯ ಆ ತುದಿಗಿತ್ತು. ಈರಮ್ಮ ಆಯಿ ಎಂಬ ಅಜ್ಜಿಯ ಮನೆ ಇದ್ದದ್ದು ಆ ತುದಿಯಲ್ಲಿ.

ನಮ್ಮ ಮನೆಯಲ್ಲಿ ಅತ್ತೆ ಇರಲಿಲ್ಲ. ಬೇವಿನ ಗಿಡದಲ್ಲಿ ಬಿಜಲಿ ಇರಲಿಲ್ಲ. ಕಡಿದು ತುಂಡಾದ ಹಗ್ಗ ಜೋತಾಡುತ್ತಿತ್ತು. ಥರ್ಮಾಸ್ ಎದೆಗವಚಿಕೊಂಡೇ ಆ ತುದಿಗೆ ನಡೆದೆ.

ಈರಮ್ಮ ಆಯಿಗೆ ಕಣ್ಣು ಹೋಗಿ ಬಹಳ ವರ್ಷವಾಗಿತ್ತು. ಮೊಮ್ಮಕ್ಕಳ ಮನೆಯಲ್ಲಿದ್ದ ಮುದುಕಿ. ದಿನವಿಡೀ ಹೊರಗಿನ ಕಟ್ಟೆಯ ಮೇಲೆ ಕುಳಿತು, ಹೆಜ್ಜೆಯ ಸದ್ದಿನಿಂದಲೇ ಯಾರೆಂದು ಹೇಳುತ್ತಿದ್ದಳು. ಅವತ್ತೂ ಹಾಗೆಯೇ ಕುಳಿತಿದ್ದಳು. ಅವಳ ಕಾಲಬುಡದಲ್ಲಿ ಬಿಜಲಿ ಬೆನ್ನಿನ ಕೂದಲೆಲ್ಲ ನಿಮಿರಿಸಿಕೊಂಡು ನಿಂತಿತ್ತು. ಅದರ ಒಂದು ಕಿವಿ ಹರಿದು ರಕ್ತ ಸುರಿಯುತ್ತಿತ್ತು. ನನ್ನನ್ನು ಕಂಡರೂ ಬಾಲ ಆಡಿಸಲಿಲ್ಲ.

“ಟೀಚರಬಾಯಿ ಏನ ಬೇ? ಸಂಗಾಟ ಯಾರು, ಬೂಟಿನ ಸಪ್ಪಳ?” ಎಂದಳು ಆಯಿ.

“ದನದ ಡಾಕ್ಟರ್ರಿ ಆಯಿ. ಊರವರೆಲ್ಲಾ ಎಲ್ಲಿ ಹೋಗ್ಯಾರ?”

“ಓಡಿಹೋಗ್ಯಾರ. ಆಪರೇಷನ್ ಜೀಪ್ ಬರ್ತದಂತ. ನನ್ನೂ ಹೊತ್ಕೊಂಡ ಹೋಗ್ತೀನಿ ಅಂದ ಮೊಮ್ಮಗ. ನಂಗೇನ್ ಮಾಡ್ತಾರೋ ಹುಚ್ಚಪ್ಯಾ, ಮಾಡಿದ್ರ ಮಾಡ್ಲಿ, ನೀ ಹೋಗು ಅಂದೆ.” ನಕ್ಕಳು. ನಾನೂ ನಕ್ಕೆ. ಆದರೆ ಅವಳು ಅಲ್ಲಿಗೇ ನಿಲ್ಲಿಸಲಿಲ್ಲ. “ಬ್ಯಾಸರ ಏನ್ ಆಗ್ಲಿಲ್ಲ. ಎಲ್ಲಾರೂ ಹೋದಮ್ಯಾಲ ಯಾರೋ ಬಂದು ಇಲ್ಲೇ ಎದರೀಗಿ ಕುಂತರು. ಮಾತಿಲ್ಲ ಕಥಿಲ್ಲ. ಉಸರ ಮಾತ್ರ ಕೇಳಸ್ತಿತ್ತು, ಭಾಳ ದೂರದಿಂದ ನಡದು ಬಂದವರ ಗತೆ. ಯಾರೋ ದಣದು ಬಂದಾರ ಅಂತ ನಾನೇ ಮಾತಾಡ್ಕೋತ ಕುಂತೆ. ಊರಿನ ಸುದ್ದಿ ಎಲ್ಲಾ ಹೇಳಿದೆ.”

ಡಾಕ್ಟರು ಅವಳ ಮುಂದೆ ಕುಕ್ಕರುಗಾಲಲ್ಲಿ ಕುಳಿತರು. “ನಾಯೀನಾ ಅಜ್ಜಿ? ಮುಟ್ತಾ ನಿಮ್ಮನ್ನ? ನೆಕ್ತಾ?”

“ಇಲ್ಲಪ್ಪಾ. ಕೈ ಚಾಚಿದ್ರ ಹಿಂದಕ ಸರೀತಿತ್ತು. ಆಮ್ಯಾಲ ನೀರ್ ಕುಡೀತಿಯೇನು ಅಂತ ಚರಗಿಯಿಂದ ನೀರ್ ಸುರದೆ ನೋಡು, ಆ ಸಪ್ಪಳ ಕೇಳಿದ್ದೇ ತಡ, ಗಂಟಲದಾಗ ಎಂಥದೋ ಒಂದ್ ಸಪ್ಪಳ ಮಾಡಿ ಎದ್ದು ಓಡ್ತು. ಬಿಜಲಿ ಆಗ ಬಂತು. ಆ ಕಡಿ ಓಣ್ಯಾಗ ಗುದ್ದಾಡಿದಂಗ ಕೇಳಸ್ತು. ತಿರುಗಿ ಬಂದು ಹೀಂಗ ನಿಂತದ.”

ಆಯಿಯ ಕೈಕಾಲುಗಳನ್ನೆಲ್ಲ ಡಾಕ್ಟರು ಸೋಪು ಹಚ್ಚಿ ತೊಳೆದು, ಬೆಳಕಿಗೆ ಹಿಡಿದು ನೋಡಿದರು. ಒಂದು ಗೀರೂ ಇರಲಿಲ್ಲ. ಬಿಜಲಿಯ ಕಿವಿ ನೋಡಿ, ಹಲ್ಲಿನ ಗಾಯವೋ ಬೇಲಿಯ ಜಾಲಿಮುಳ್ಳು ಹರಿದದ್ದೋ ಹೇಳಲಾಗದು ಎಂದರು. ಎದುರಿಗೆ ಕುಳಿತದ್ದರ ಗುರುತು ಸಿಗಬಹುದೆಂದು ಮಣ್ಣಿನ ಮೇಲೆ ಬಗ್ಗಿದರು. ಆದರೆ ಅಲ್ಲಿ ಇಡೀ ಊರು ಓಡಿದ ಹೆಜ್ಜೆಗಳಿದ್ದವು. ಮನುಷ್ಯರದು, ದನದ್ದು, ನಾಯಿಯದು, ಒಂದರ ಮೇಲೊಂದು.

ಕೈ ತೊಳೆಯುತ್ತ ಅವರು, ನನಗೆ ಮಾತ್ರ ಕೇಳುವಂತೆ, “ಒಂದು ವಿಷಯ ಮೇಡಂ” ಎಂದರು. “ಹುಚ್ಚು ಹಿಡಿದ ನಾಯಿಗೆ ನೀರು ನುಂಗಕ್ಕಾಗಲ್ಲ ಅಷ್ಟೆ. ಅದಕ್ಕೆ ನೀರಂದ್ರೆ ಭಯ ಇರಲ್ಲ. ನೀರಿನ ಶಬ್ದಕ್ಕೇ ಬೆಚ್ಚಿಬೀಳೋದು ಮನುಷ್ಯ.”

ಗಿರಣಿಯ ಸದ್ದು ಕೇಳುತ್ತಲೇ ಇತ್ತು. ದವಾಖಾನೆಯಿಂದ ಓಡಿಹೋದ ಆ ಕೂಲಿಯವನ ಹೆಸರು ಕೂಡ ನನಗೆ ಗೊತ್ತಿರಲಿಲ್ಲ.

ಸಂಜೆ ಹೊತ್ತಿಗೆ ಜನ ಒಬ್ಬೊಬ್ಬರಾಗಿ ತೊಗರಿಯೊಳಗಿಂದ ಹೊರಬಂದರು. ಅತ್ತೆಯೂ ಬಂದರು, ಸೀರೆಯ ತುಂಬ ತೊಗರಿ ಹೂವು. “ನಾಯಿಗಂತ ನಿಮಗ ಗೊತ್ತಿತ್ತಲ್ರಿ ಅತ್ತಿ, ನೀವ್ಯಾಕ ಓಡಿದ್ರಿ?” ಎಂದು ಕೇಳಿದೆ. “ಊರ ಊರೇ ಓಡಾಕತ್ತಾಗ ನಿಂತು ಲೆಕ್ಕ ಹಾಕಾಕ ಆಗ್ತದೇನ ಬೇ?” ಎಂದು ನನ್ನ ಮೇಲೇ ರೇಗಿದರು. ಆಪರೇಷನ್ ನಾಯಿಗೆಂದು ತಿಳಿದಾಗ ಊರು ಮೊದಲು ನಾಚಿತು, ಆಮೇಲೆ ಬಿದ್ದು ಬಿದ್ದು ನಕ್ಕಿತು. ಅರ್ಧ ಗಡ್ಡದವನು ಕ್ಷೌರದ ಕಲ್ಲಿಗೆ ಹೋಗಿ ಕುಳಿತ.

ಆದರೆ ಆಯಿಯ ಮಾತು ಹರಡಿದಾಗ ನಗು ನಿಂತಿತು. ನಮ್ಮ ಓಣಿಯ ಶಿವಶರಣಪ್ಪ, ಹೊಲದೊಳಗೆ ತಲೆಯ ಮೇಲೆ ಧೋತರ ಹೊದ್ದ ಒಬ್ಬ ಮನುಷ್ಯ ತೂರಾಡುತ್ತ ಹೋದದ್ದನ್ನು ಕಂಡೆ ಎಂದ. ಆಪರೇಷನ್ನಿನವನೇ ಇರಬೇಕೆಂದು ಹೆದರಿ ಅವನು ಇನ್ನೂ ಒಳಗೆ ಓಡಿದ್ದನಂತೆ. ಅವನ ಪಕ್ಕದಲ್ಲೇ ಅಡಗಿದ್ದ ಅವನ ತಮ್ಮ, “ಮನಶ್ಯಾ ಅಲ್ಲೋ ಅಣ್ಣಾ, ಕೆಂದ ನಾಯಿ. ಬಾಯಿ ಜೋತಬಿಟ್ಟಿತ್ತು” ಎಂದ. ಒಂದೇ ಹೊಲ, ಒಂದೇ ಹೊತ್ತು, ಎರಡು ಜೋಡಿ ಕಣ್ಣು. ಇಬ್ಬರೂ ಬಸವಣ್ಣನ ಆಣೆ ಹಾಕಿದರು. ಮರುದಿನ ಗಂಡಸರೆಲ್ಲ ಬಡಿಗೆ ಹಿಡಿದು ಹೊಲ ಹೊಲ ಹುಡುಕಿದರು. ನಾಯಿಯೂ ಸಿಗಲಿಲ್ಲ, ಮನುಷ್ಯನೂ ಸಿಗಲಿಲ್ಲ.

ಬಿಜಲಿಗೆ ಆಪರೇಷನ್ ಅವತ್ತು ಆಗಲಿಲ್ಲ. ಕಚ್ಚಿಸಿಕೊಂಡಿರಬಹುದಾದ ನಾಯಿಗೆ ಮೊದಲು ಸೂಜಿಗಳ ಸಾಲೇ ಆಗಬೇಕು, ಅದು ಫಲಿಸಿತೋ ಇಲ್ಲವೋ ತಿಳಿಯಲು ತಿಂಗಳುಗಟ್ಟಲೆ ಕಟ್ಟಿಹಾಕಿ ಕಾಯಬೇಕು ಎಂದು ಡಾಕ್ಟರು ಅವತ್ತು ಮೊದಲ ಸೂಜಿ ಮಾತ್ರ ಹಾಕಿದರು. ಮುಂದಿನ ಸೂಜಿಗಳಿಗೆಲ್ಲ ಅವರು ಬಸ್ಸಿನಲ್ಲೇ ಬಂದರು. ಸ್ಟ್ಯಾಂಡಿನಲ್ಲಿ ಇಳಿದ ಕೂಡಲೆ ಒಂದು ಕೈಯಲ್ಲಿ ಥರ್ಮಾಸ್ ಎತ್ತಿ ಹಿಡಿದು, “ನಾಯಿ ಡಾಕ್ಟ್ರು! ನಾಯಿ ಡಾಕ್ಟ್ರು!” ಎಂದು ಕೂಗುತ್ತ ಬರುತ್ತಿದ್ದರು. ಪಶುವೈದ್ಯಕೀಯ ಓದಿದ ಮನುಷ್ಯ ಹೀಗೆ ಕೂಗಬೇಕಾಗಿ ಬಂದದ್ದನ್ನು ಖರ್ಚಿನ ಯಾವ ಕಲಮಿಗೆ ಹಾಕಲಿ? ಫೀಸು ಎಂದರೆ ಕೈಮುಗಿದರು. ಮಂಜುಗಡ್ಡೆ, ಬಸ್ಸು, ಚಹಾ, ಸವೆದ ಗಿರಣಿಕಲ್ಲಿಗೆ ಅತ್ತೆ ತಾವಾಗಿಯೇ ಕೊಟ್ಟದ್ದು, ಇವಿಷ್ಟನ್ನೇ ಹೇಳಿದರೆ ಪಕ್ಕದ ಮನೆಯ ಸೊಸೆ ಅಗ್ಗವಾಯಿತು ಎಂದಾಳು.

ತುಟ್ಟಿಯಾದದ್ದು ಬೆಳಗು. ದಿನಾ ಬೆಳಿಗ್ಗೆ ಎದ್ದು ಬಿಜಲಿಯ ಮುಂದೆ ನೀರಿನ ಬೋಗುಣಿ ಇಡಬೇಕು, ಕುಡಿಯುತ್ತದೆಯೇ ನೋಡಬೇಕು. ಅದು ಕೆಲವೊಮ್ಮೆ ಬೇಕೆಂದೇ ತಡಮಾಡಿ, ನೀರಿನಲ್ಲಿ ತನ್ನ ಮುಖವನ್ನು ನೋಡುತ್ತ ನಿಲ್ಲುತ್ತಿತ್ತು. ಆಗ ನನಗೆ ಬಾವಿಯ ನೆನಪಾಗುತ್ತಿತ್ತು, ಆ ಮುಖದ ಪಕ್ಕ ಇನ್ನೇನು ಕಾಣುತ್ತಿದೆಯೋ ಎಂದು. ಈ ನೋಟಕ್ಕೆ ಬರಬರುತ್ತ ಜನ ಸೇರತೊಡಗಿದರು. ಆಪರೇಷನ್ ಎಂದರೆ ಓಡಿದ್ದ ಊರು, ಒಂದು ನಾಯಿ ನೀರು ಕುಡಿಯುವುದನ್ನು ನೋಡಲು ನಮ್ಮ ಅಂಗಳದಲ್ಲಿ ಉಸಿರು ಬಿಗಿಹಿಡಿದು ನಿಲ್ಲುತ್ತಿತ್ತು. ಬಿಜಲಿ ನಾಲಿಗೆ ಹಾಕಿ ಲೊಚಲೊಚ ಎಂದ ಕೂಡಲೆ “ಕುಡೀತು, ಕುಡೀತು” ಎಂದು ಕೆಲಸಕ್ಕೆ ಹೊರಡುತ್ತಿತ್ತು. ನಾಯಿಯನ್ನು ಹೊಸ್ತಿಲು ದಾಟಗೊಡದ ನನ್ನತ್ತೆ, ನಾನು ಶಾಲೆಗೆ ಹೋದಾಗ ಅದರಿಂದ ಒಂದು ಮಾರು ದೂರದಲ್ಲಿ ಕುಳಿತು ವಿಭೂತಿ ಹಚ್ಚಿದ ಕೈಯಿಂದಲೇ ನೊಣ ಓಡಿಸುತ್ತಿದ್ದರು. ಕೇಳಿದರೆ, “ನೊಣ ಓಡಸಾಕತ್ತೀನಿ, ನಾಯಿಗೇನ್ ಮಾಡಿಲ್ಲ” ಎನ್ನುತ್ತಿದ್ದರು.

ತೊಗರಿ ಕೊಯ್ದು ಹೊಲ ಬಯಲಾಯಿತು. ಬೇಸಗೆ ಬಂತು. ಬಿಜಲಿ ನೀರು ಕುಡಿಯುತ್ತಲೇ ಇತ್ತು. ಇನ್ನು ಭಯವಿಲ್ಲ ಎಂದ ದಿನ ಡಾಕ್ಟರು ನಮ್ಮ ಪಡಸಾಲೆಯಲ್ಲೇ ಮೇಜು ಹಾಕಿಸಿ ಆಪರೇಷನ್ ಮುಗಿಸಿದರು. ಕಿಟಕಿಯ ಸರಳುಗಳಲ್ಲಿ ಸಂದಿಲ್ಲದಷ್ಟು ಮುಖಗಳಿದ್ದವು. ಯಾರೂ ಓಡಲಿಲ್ಲ.

ವಾರದ ಮೇಲೆ ನೀಲಮ್ಮ ಹಿತ್ತಲ ಬಾಗಿಲಿನಿಂದ ಬಂದಳು. ಕೈಯಲ್ಲಿ ಒಂದು ಕೂಸು, ಸೆರಗು ಹಿಡಿದು ಇನ್ನೊಂದು, ಮನೆಯಲ್ಲಿ ಮತ್ತಷ್ಟು. ಬಿಜಲಿಯ ಹೊಟ್ಟೆಯ ಹೊಲಿಗೆಯನ್ನು ಬಹಳ ಹೊತ್ತು ನೋಡಿದಳು. “ನೋವಾಗಿತ್ತೇನ್ರಿ ಇದಕ್ಕ?”

“ಎರಡ ದಿನ ಮುಲುಗಿತು.”

“ಉಣ್ತದ?”

“ಮೊದಲಿಗಿಂತ ಹೆಚ್ಚು ಉಣ್ತದ.”

“ಯಾರರೆ ಹಿಡದು ಎಳಕೊಂಡ ಹೋಗ್ದಂಗ, ತಾನೇ ಹೋದ್ರೂ ಮಾಡ್ತಾರೇನ್ರಿ?” ಎಂದಳು, ನಾಯಿಯ ಮೇಲಿನ ಕಣ್ಣು ತೆಗೆಯದೆ. ಮಾಡ್ತಾರ ಎಂದೆ. ಮುಂದಿನ ತಿಂಗಳು ಅವಳು ಯಾರಿಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಆಳಂದಕ್ಕೆ ಹೋಗಿಬಂದಳು. ಮಕ್ಕಳನ್ನು ಅವತ್ತು ನೋಡಿಕೊಂಡವರು ನನ್ನತ್ತೆ.

ಆ ಮಧ್ಯಾಹ್ನದ ಅತಿಥಿ ಯಾರೆಂದು ಮಾತ್ರ ತಿಳಿಯಲೇ ಇಲ್ಲ. ಕೂಲಿಯವನು ಸೊಲ್ಲಾಪುರದಲ್ಲಿ ಗಟ್ಟಿಯಾಗಿದ್ದಾನೆ ಎಂದು ಕೆಲವರು ಹೇಳಿದರು. ಗಡಿಯಾಚೆ ಒಂದು ಹಳ್ಳದ ಹತ್ತಿರ ಸತ್ತ ಎಂದು ಮತ್ತೆ ಕೆಲವರು. ಎರಡನ್ನೂ ಹೇಳಿದವರು ಕಣ್ಣಾರೆ ಕಂಡವರಲ್ಲ. ನನ್ನ ತವರು ಅಫಜಲಪುರ. ಅಲ್ಲಿಗೆ ಹೋದಾಗಲೆಲ್ಲ ತಮ್ಮಂದಿರು ಈ ಕಥೆಯನ್ನು ಹೇಳಿಸಿ, ಕೊನೆಗೆ “ಮನುಷ್ಯಾನೋ ನಾಯಿನೋ, ಒಂದ ಹೇಳಕ್ಕಾ” ಎಂದು ಪೀಡಿಸುತ್ತಿದ್ದರು. ನನಗೆ ವರ್ಗವಾಗಿ ನಿಂಬರ್ಗಾ ಬಿಡುವ ಮುನ್ನ, ಕಂಡವಳು ಅಲ್ಲದಿದ್ದರೂ ಕೇಳಿದವಳು ಅವಳೊಬ್ಬಳೇ ಅಲ್ಲವೇ ಎಂದು, ಈರಮ್ಮ ಆಯಿಯ ಕಟ್ಟೆಗೆ ಹೋಗಿ ಕುಳಿತೆ.

“ಹೆಜ್ಜಿ ಕೇಳಿನೇ ಹೆಸರು ಹೇಳ್ತೀರಿ ಆಯಿ. ಖರೇ ಹೇಳ್ರಿ, ಅವತ್ತ ಬಂದು ಕುಂತದ್ದು ಮನಶ್ಯಾನೋ, ನಾಯಿನೋ?”

ಆಯಿ ಮುಖವನ್ನು ಓಣಿಯ ಕಡೆ ತಿರುಗಿಸಿದಳು. ಅಲ್ಲಿ ಯಾರೋ ಬರುತ್ತಿದ್ದಾರೇನೋ ಎಂಬಂತೆ ನಾನೂ ನೋಡಿದೆ. ಓಣಿ ಖಾಲಿಯಿತ್ತು.

“ಯಾವದಾದ್ರ ಏನ ಬೇ,” ಎಂದಳು. “ಊರೆಲ್ಲಾ ಓಡಿಹೋಗಿತ್ತು. ಅದೊಂದೇ ಬಂದು ಕುಂತಿತ್ತು.”